ಬೆಂಚ್ 155 ಕೆಜಿ ಆಯ್ತು, ಗುಂಡು ಮಾತ್ರ ಹಿಂದೆ ಬೀಳುತ್ತಿದೆ. ಎಲ್ಲಿ ತಪ್ಪುತ್ತಿದ್ದೇವೆ?

ಪೀಟಿ ಮೇಷ್ಟ್ರು, ಹಾಸನ (ಮೇ 26)

ಎಲ್ಲರಿಗೂ ನಮಸ್ಕಾರ. ಉದ್ದದ ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ಹತ್ತಿರ ಒಬ್ಬ ಹುಡುಗ ಗುಂಡು ಎಸೆತ ಕಲಿಯುತ್ತಿದ್ದಾನೆ. ವಯಸ್ಸು 21, ಎತ್ತರ 6 ಅಡಿ 1 ಇಂಚು. ಸೀನಿಯರ್ ಗುಂಡು, 7.26 ಕೆಜಿ. ಗ್ಲೈಡ್ ಮಾಡುತ್ತಾನೆ (ಬೆನ್ನು ಮುಂದೆ ಮಾಡಿ ನಿಂತು, ವೃತ್ತದಲ್ಲಿ ಹಿಂದಕ್ಕೆ ಜಾರಿ ಬಂದು ಎಸೆಯುವುದು), ಸ್ಪಿನ್ (ಗಿರಕಿ ಹೊಡೆದು ಎಸೆಯುವುದು) ಅಲ್ಲ. ಹೋದ ವರ್ಷ ಅಕ್ಟೋಬರ್‌ನಲ್ಲಿ 17.84 ಮೀಟರ್ ಎಸೆದ. ಈ ವರ್ಷ 18.50 ದಾಟಿಸಲೇಬೇಕು ಅಂತ ಹಠ ಹಿಡಿದು ನವೆಂಬರ್‌ನಿಂದ ಅವನನ್ನು ಜಿಮ್‌ಗೆ ಇಳಿಸಿದೆ.

ಅಲ್ಲಿ ಎಲ್ಲ ಚೆನ್ನಾಗೇ ನಡೆಯಿತು. ಬೆಂಚ್ ಪ್ರೆಸ್ (ಮಲಗಿ ಎದೆ ಮೇಲಿಂದ ಭಾರ ತಳ್ಳುವುದು) 130 ಇದ್ದದ್ದು 155 ಆಯಿತು. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು) 170ರಿಂದ 190. ಮೈತೂಕ 108ರಿಂದ 116. ಹಳೇ ಅಂಗಿ ಒಂದೂ ಹಿಡಿಸುತ್ತಿಲ್ಲ. ನಾನೂ ಒಳಗೊಳಗೇ ಬೀಗಿದೆ. ಮೊನ್ನೆ ಮೀಟ್‌ನಲ್ಲಿ ನೋಡಿದರೆ 17.40. ಆರು ಎಸೆತದಲ್ಲಿ ಎರಡು ಫೌಲ್ ಬೇರೆ.

ಅವರಪ್ಪ ಆಲೂಗೆಡ್ಡೆ ಬೆಳೆಯುವವರು. ಈಗ ಬಿತ್ತನೆ ಹೊತ್ತು, ಆದರೂ ಕೆಲಸ ಬಿಟ್ಟು ಮೀಟ್ ನೋಡೋಕೆ ಬಂದಿದ್ದರು. ವಾಪಸ್ ಬರುವಾಗ ಬಸ್ಸಲ್ಲಿ ಕೇಳಿದರು: "ಮೇಷ್ಟ್ರೇ, ಮೊಟ್ಟೆ, ಕೋಳಿ, ಹಾಲು ಅಂತ ಇಷ್ಟೆಲ್ಲ ಹಾಕಿದ್ವಿ. ಒಂದೂವರೆ ಅಡಿ ಹಿಂದಕ್ಕೆ ಬಂತಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾಡಿಸುತ್ತಿದ್ದದ್ದು ಇಷ್ಟು. ವಾರಕ್ಕೆ ಮೂರು ದಿನ ಬೆಂಚ್, ಎರಡು ದಿನ ಸ್ಕ್ವಾಟ್, ಒಂದು ದಿನ ಪವರ್ ಕ್ಲೀನ್ (ಭಾರವನ್ನು ನೆಲದಿಂದ ಒಂದೇ ಸಲಕ್ಕೆ ಭುಜಕ್ಕೆ ಎತ್ತುವುದು). ಬೆಳಗ್ಗೆ ಜಿಮ್, ಸಂಜೆ ಮೈದಾನದಲ್ಲಿ 30-35 ಎಸೆತ. ಸೆಟ್‌ಗೆ 8ರಿಂದ 10 ಸಲ ಎತ್ತುತ್ತಿದ್ದ, ಕೊನೆಯ ಎರಡು ತಿಂಗಳು 4-5 ಸಲ. ಎಲ್ಲಿ ತಪ್ಪಾಗಿದೆ ಹೇಳಿ.

ಕಬ್ಬಿಣದ ಕಡಲೆ, ಹಾಸನ

ಸಾರ್, ತಪ್ಪೇನೂ ಇಲ್ಲ. ಬಲ ಇನ್ನೂ ಸಾಲದು ಅಷ್ಟೇ. 155 ಎಲ್ಲ ನಮ್ಮ ಜಿಮ್ಮಲ್ಲಿ ಹುಡುಗರು ಸುಮ್ನೆ ಎತ್ತುತ್ತಾರೆ. 200 ಮಾಡಿಸಿ, ಗುಂಡು ತಾನಾಗೇ ಹೋಗುತ್ತೆ. ಜಗತ್ತಿನ ದೊಡ್ಡ ದೊಡ್ಡ ಎಸೆತಗಾರರೆಲ್ಲ ಆನೆ ಥರ ಇರುತ್ತಾರೆ, ನೋಡಿಲ್ವಾ?

ಕಾಫಿ ಕಣ, ಚಿಕ್ಕಮಗಳೂರು

ಮೇಷ್ಟ್ರೇ, ನಿಮ್ಮ ಪೋಸ್ಟ್ ಓದಿ ನನ್ನ ಕಥೆಯನ್ನೇ ಬೇರೆಯವರು ಬರೆದ ಹಾಗಾಯಿತು.

ನಾನು 4 ಕೆಜಿ ಗುಂಡು ಎಸೆಯುತ್ತಿದ್ದವಳು. ಈಗ ತೋಟ ನೋಡಿಕೊಂಡು, ಸಂಜೆ ಐದಾರು ಮಕ್ಕಳಿಗೆ ಹೇಳಿಕೊಡುತ್ತೇನೆ. ನಮ್ಮ ಮೈದಾನ ಅಂದರೆ ಮನೆ ಮುಂದಿನ ಕಾಫಿ ಕಣ. ಡಿಸೆಂಬರ್‌ನಿಂದ ಮಾರ್ಚ್ ತನಕ ಅಲ್ಲಿ ಕಾಫಿ ಒಣಗುತ್ತದೆ, ಆಗ ಗುಂಡಿಗೆ ಜಾಗ ಇಲ್ಲ. ಕಣ ಖಾಲಿಯಾದ ಮೇಲೆ ಸುಣ್ಣದಲ್ಲಿ 2.135 ಮೀಟರ್ ವೃತ್ತ ಬರೆಯುತ್ತೇವೆ. ಮುಂದೆ ಕಾಲು ತಡೆಯುವ ಸ್ಟಾಪ್ ಬೋರ್ಡ್ ಅಂತ ಒಂದು ಸಿಲ್ವರ್ ತುಂಡು. ಅಂದರೆ ನೆರಳಿನ ಸಿಲ್ವರ್ ಓಕ್ ಮರ ಕಡಿದದ್ದು, ಬೆಳ್ಳಿ ಅಲ್ಲ.

ನನಗೂ ಒಂದು ವರ್ಷ ಹೀಗೇ ಆಯಿತು. ಕಣದಲ್ಲಿ ಕಾಫಿ ಇದ್ದ ನಾಲ್ಕು ತಿಂಗಳು ಬರೀ ಕಬ್ಬಿಣ ಎತ್ತಿದೆ. ಬೆಂಚ್ 70ರಿಂದ 90ಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ವೃತ್ತಕ್ಕೆ ಇಳಿದರೆ 14.60 ಎಸೆಯುತ್ತಿದ್ದವಳು 14.10. ನನ್ನ ಕೋಚ್ ಏನೂ ಹೇಳಲಿಲ್ಲ. ನನ್ನ ಹಿಂದೆ ನಿಂತು ಬಲ ಸೊಂಟಕ್ಕೆ ಎರಡು ಬೆರಳು ಇಟ್ಟು "ಈಗ ನಿಧಾನಕ್ಕೆ ಮಾಡು" ಅಂದರು. ಮಾಡಿದೆ. ಬೆರಳು ಅಲುಗುವ ಮೊದಲೇ ನನ್ನ ಕೈ ಮುಂದೆ ಹೋಗಿತ್ತು! ಎದೆ, ತೋಳು ಬಲವಾದ ಮೇಲೆ ಮೈ ಅದನ್ನೇ ನಂಬಿಕೊಂಡು ಬಿಡುತ್ತದೆ. ಕಾಲು, ಸೊಂಟ ತಳ್ಳುವ ತನಕ ಕಾಯುವ ತಾಳ್ಮೆ ಕೈಗೆ ಇರುವುದಿಲ್ಲ.

ಆದರೆ ನಿಮ್ಮ ಹುಡುಗನದ್ದೂ ಅದೇ ಕಾಯಿಲೆ ಅಂತ ಊಹೆ ಮೇಲೆ ಹೇಳಲಾರೆ. ನಾಲ್ಕು ಅಳತೆ ಬೇಕು. ಒಂದು, ನಿಂತಲ್ಲಿಂದ ಎಸೆದರೆ ಎಷ್ಟು. ಎರಡು, ಗ್ಲೈಡ್ ಮಾಡಿ ಎಷ್ಟು. ಮೂರು, ಬೆನ್ನು ತಿರುಗಿಸಿ ನಿಂತು ಎರಡೂ ಕೈಯಲ್ಲಿ ಗುಂಡು ಹಿಡಿದು ತಲೆ ಮೇಲಿಂದ ಹಿಂದಕ್ಕೆ ಎಸೆದರೆ ಎಷ್ಟು. ನಾಲ್ಕು, ನಿಂತ ಕಡೆಯಿಂದ ಉದ್ದ ಜಿಗಿತ. ಅಕ್ಟೋಬರ್‌ನದ್ದೂ ಈಗಿನದ್ದೂ ಎರಡೂ ಕೊಡಿ. ಬೆಂಚ್ ಲೆಕ್ಕ ಬೇಡ, ಅದನ್ನು ಆಗಲೇ ಮೂರು ಸಲ ಹೇಳಿದ್ದೀರಿ.

ಲೆಕ್ಕದವರು, ಅರಸೀಕೆರೆ

ಭೌತಶಾಸ್ತ್ರದ ಮೇಷ್ಟ್ರು ನಾನು. ಗುಂಡು ಎತ್ತಿದ್ದು ಹೈಸ್ಕೂಲಲ್ಲಿ ಒಂದೇ ಸಲ, ಕಾಲ ಮೇಲೆ ಹಾಕಿಕೊಂಡೆ. ಆದರೆ ಲೆಕ್ಕ ಹಾಕಬಲ್ಲೆ.

ಗುಂಡು ಕೈ ಬಿಡುವಾಗ ನೆಲದಿಂದ ಸುಮಾರು 2.2 ಮೀಟರ್ ಎತ್ತರದಲ್ಲಿರುತ್ತದೆ. ಕೋನ 37 ಡಿಗ್ರಿ ಅಂತ ಇಟ್ಟುಕೊಳ್ಳಿ. ದೊಡ್ಡ ಎಸೆತಗಾರರಲ್ಲಿ ಸಾಮಾನ್ಯವಾಗಿ 35ರಿಂದ 38ರ ಒಳಗೇ ಇರುತ್ತದೆ. ಪಾಠದಲ್ಲಿ ಬರುವ 45 ಡಿಗ್ರಿ ಇಲ್ಲಿ ನಡೆಯಲ್ಲ. ಗುಂಡು ಹೊರಡುವುದೇ ನೆಲಕ್ಕಿಂತ ಮೇಲಿನಿಂದ. ಜೊತೆಗೆ ಮೇಲಕ್ಕೆ ತಳ್ಳಿದಷ್ಟೂ ಮನುಷ್ಯನ ಮೈಗೆ ವೇಗ ಕೊಡೋಕೆ ಕಷ್ಟ.

ಇದರ ಪ್ರಕಾರ 17.80 ಮೀಟರ್ ಹೋಗಬೇಕಾದರೆ ಗುಂಡು ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ಕೈ ಬಿಡಬೇಕು. ಅಂದರೆ ಗಂಟೆಗೆ 45 ಕಿಲೋಮೀಟರ್. ಭಾರತದ ದಾಖಲೆ ತಜಿಂದರ್‌ಪಾಲ್ ಸಿಂಗ್ ತೂರ್ ಅವರದ್ದು, 21.77 ಮೀಟರ್, 2023ರಲ್ಲಿ ಭುವನೇಶ್ವರದಲ್ಲಿ. ಏಷ್ಯಾ ದಾಖಲೆಯೂ ಅದೇ ಆಯಿತು. ಅದಕ್ಕೆ ಸುಮಾರು 14 ಮೀಟರ್ ವೇಗ ಬೇಕು, ಗಂಟೆಗೆ 50 ಕಿಲೋಮೀಟರ್. ಎರಡಕ್ಕೂ ನಡುವೆ ವ್ಯತ್ಯಾಸ ಗಂಟೆಗೆ ಐದು ಕಿಲೋಮೀಟರ್ ಅಷ್ಟೇ. ನಾವು ನಡೆಯುವ ವೇಗ! ಅಷ್ಟರಲ್ಲಿ ನಾಲ್ಕು ಮೀಟರ್ ದೂರ ಇದೆ.

ಇನ್ನೊಂದು ತಮಾಷೆ. ಕೊನೇ ತಳ್ಳುವಿಕೆಯಲ್ಲಿ ಗುಂಡು ಕೈಯ ಜೊತೆ ಸುಮಾರು 1.7 ಮೀಟರ್ ದಾರಿ ಸಾಗುತ್ತದೆ ಅಂತ ಹಿಡಿಯಿರಿ. 22 ಮೀಟರ್‌ಗೆ ಹತ್ತಿರದ ಎಸೆತಕ್ಕೂ ಅಷ್ಟು ದಾರಿಯಲ್ಲಿ ಬೇಕಾದ ಸರಾಸರಿ ಬಲ ಎಷ್ಟು ಗೊತ್ತಾ? 46 ಕೆಜಿ ಎತ್ತುವಷ್ಟು. ಒಂದು ಕಾಫಿ ಮೂಟೆಗಿಂತ ಕಡಿಮೆ. ಕಷ್ಟ ಇರುವುದು ಸಮಯದಲ್ಲಿ. ಅದನ್ನು 0.2 ಸೆಕೆಂಡಿನಲ್ಲಿ ಮುಗಿಸಬೇಕು. ಸ್ನಾಯು ತನ್ನ ಪೂರ್ತಿ ಬಲಕ್ಕೆ ಬರೋಕೆ 0.3 ಸೆಕೆಂಡಿಗಿಂತ ಜಾಸ್ತಿ ಬೇಕು. 155 ಕೆಜಿ ಬೆಂಚ್ ಎತ್ತೋಕೆ ನಿಮ್ಮ ಹುಡುಗ ಎರಡು ಮೂರು ಸೆಕೆಂಡ್ ತಗೊಳ್ಳುತ್ತಿರಬೇಕು ಅಲ್ವಾ? ಅಷ್ಟೊತ್ತಿಗೆ ಗುಂಡು ನೆಲಕ್ಕೆ ಬಿದ್ದು, ತೀರ್ಪುಗಾರರು ಟೇಪ್ ಎಳೆಯುತ್ತಿರುತ್ತಾರೆ.

ಕಬ್ಬಿಣದ ಕಡಲೆ, ಹಾಸನ

46 ಕೆಜಿ ಸಾಕು ಅಂದರೆ ನಾನೂ ಒಲಿಂಪಿಕ್ಸ್‌ಗೆ ಹೋಗಬಹುದು ಬಿಡಿ ಸಾರ್ 😀

ಲೆಕ್ಕದವರು, ಅರಸೀಕೆರೆ

ಹೋಗಿ, ಯಾರು ಬೇಡ ಅಂದರು? 0.2 ಸೆಕೆಂಡ್ ಮಾತ್ರ ಮರೆಯಬೇಡಿ.

ಪೀಟಿ ಮೇಷ್ಟ್ರು, ಹಾಸನ (ಮೇ 29)

ಕಾಫಿ ಕಣ ಮೇಡಂ, ನೀವು ಕೇಳಿದ್ದನ್ನು ನಿನ್ನೆ ಸಂಜೆ ಅಳೆದೆ. ಹಳೆಯದು ನನ್ನ ನೋಟ್‌ಬುಕ್ಕಲ್ಲಿತ್ತು.

ನಿಂತು ಎಸೆದದ್ದು ಅಕ್ಟೋಬರ್‌ನಲ್ಲಿ 16.30, ಈಗ 16.35. ಗ್ಲೈಡ್ ಮಾಡಿ ಆಗ 17.84, ನಿನ್ನೆ 17.38. ಹಿಂದಕ್ಕೆ ತಲೆ ಮೇಲಿಂದ ಎಸೆದದ್ದು ಆಗ 17.90, ಈಗ 17.20. ನಿಂತು ಜಿಗಿದದ್ದು 2.95 ಇತ್ತು, ಈಗ 2.82.

ಬರೆದು ನೋಡಿದಾಗಲೇ ನನಗೆ ನಾಚಿಕೆ ಆಯಿತು. ಬೆಂಚ್ 25 ಕೆಜಿ ಜಾಸ್ತಿ, ನಿಂತ ಎಸೆತ 5 ಸೆಂಟಿಮೀಟರ್ ಜಾಸ್ತಿ.

ಇನ್ನೊಂದು ವಿಷಯ. ಅವನ ತಂಗಿ ಹೋದ ವರ್ಷ ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದ್ದಳು, ಸೆಕೆಂಡಿಗೆ 240 ಚಿತ್ರದ್ದು. ಅದೇ ಫೋನ್ ಅದೇ ಜಾಗದಲ್ಲಿಟ್ಟು ನಿನ್ನೆಯೂ ಮಾಡಿದೆವು. ಗ್ಲೈಡ್ ಆದ ಮೇಲೆ ಬಲಗಾಲು ಇಳಿದಲ್ಲಿಂದ ಎಡಗಾಲು ಇಳಿಯುವ ತನಕ ಚಿತ್ರ ಎಣಿಸಿದೆ. ಆಗ 28. ಈಗ 38. ಮೂರು ಸಲ ಎಣಿಸಿದೆ, 38 ಚಿತ್ರವೇ.

ಕಾಫಿ ಕಣ, ಚಿಕ್ಕಮಗಳೂರು

ಮೇಷ್ಟ್ರೇ, ಕಳ್ಳ ಸಿಕ್ಕಿಬಿದ್ದ.

ಹೋದ ವರ್ಷ ಗ್ಲೈಡ್ ಅವನಿಗೆ 1.54 ಮೀಟರ್ ಕೊಡುತ್ತಿತ್ತು. ಈಗ 1.03 ಕೊಡುತ್ತಿದೆ. ಒಳ್ಳೆ ಗ್ಲೈಡರ್‌ಗೆ ನಿಂತ ಎಸೆತಕ್ಕಿಂತ ಒಂದೂವರೆಯಿಂದ ಎರಡು ಮೀಟರ್ ಜಾಸ್ತಿ ಸಿಗಬೇಕು. ಅಂದರೆ ಕೈ ಕೆಟ್ಟಿಲ್ಲ, ಕಾಲು ಕೆಟ್ಟಿದೆ. ಎಂಟು ಕೆಜಿ ಮೈತೂಕ ಹಾಕಿದಿರಿ, ಅದನ್ನು ಹಾರಿಸುವ ಚುರುಕು ಹಾಕಲಿಲ್ಲ. ಜಿಗಿತ 13 ಸೆಂಟಿಮೀಟರ್ ಬಿದ್ದಿದ್ದು ಅದಕ್ಕೇ. ಎಡಗಾಲು ತಡವಾಗಿ ಬಂದರೆ ಮಧ್ಯದಲ್ಲಿ ಗುಂಡು ಸೋಮಾರಿಯಾಗುತ್ತದೆ. ಗ್ಲೈಡಲ್ಲಿ ಗಳಿಸಿದ ವೇಗ ಅಲ್ಲೇ ಸೋರಿಹೋಗುತ್ತದೆ. ಆಮೇಲೆ ಅವನು ಮತ್ತೆ ಸೊನ್ನೆಯಿಂದ ತಳ್ಳುತ್ತಾನೆ. ಆ ಎರಡು ಫೌಲ್ ಕೂಡ ಇದರದ್ದೇ ಮರಿ ಇರಬೇಕು. ಎಡಗಾಲು ಗಟ್ಟಿಯಾಗಿ ತಡೆಯದಿದ್ದರೆ ಮೈ ಬೋರ್ಡ್ ದಾಟಿ ಹೋಗುತ್ತದೆ.

ನೀವು ಬರೆದದ್ದರಲ್ಲಿ ನನಗೆ ಕಣ್ಣಿಗೆ ಹೊಡೆದದ್ದು ಇನ್ನೊಂದು: ಬೆಳಗ್ಗೆ ಜಿಮ್, ಸಂಜೆ ಗುಂಡು. ಆರೇಳು ತಿಂಗಳು ಆ ಹುಡುಗ ದಣಿದ ಕಾಲಲ್ಲೇ ಗ್ಲೈಡ್ ಕಲಿತಿದ್ದಾನೆ. ಮೈ ಏನು ಮಾಡಿಸಿದರೂ ಕಲಿಯುತ್ತೆ, ನಿಧಾನವನ್ನೂ ಕಲಿಯುತ್ತೆ.

ಗರಡಿ ಹುಡುಗ, ಚನ್ನರಾಯಪಟ್ಟಣ

ಅಣ್ಣಾ, ಇದಕ್ಕೆಲ್ಲ ಗರಡಿ ಮನೆಗೆ ಕಳಿಸಿ. ದಿನಕ್ಕೆ 300 ದಂಡ, 500 ಬಸ್ಕಿ, ಗದೆ ತಿರುಗಿಸೋದು. ನಮ್ಮ ತಾತ ಕಲ್ಲುಗುಂಡು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಹಾಕುತ್ತಿದ್ದರಂತೆ. ಜಿಮ್ ಎಲ್ಲಿತ್ತು ಆಗ?

ಕಾಫಿ ಕಣ, ಚಿಕ್ಕಮಗಳೂರು

ತಮ್ಮಾ, ಗದೆಗೆ ನನ್ನ ಒಪ್ಪಿಗೆ ಇದೆ. ಭುಜ ಸಡಿಲ ಆಗುತ್ತದೆ, ಸೊಂಟ ತಿರುಗುತ್ತದೆ, ಹಿಡಿತ ಬರುತ್ತದೆ. ನಮ್ಮ ಮಕ್ಕಳಿಗೆ ವಾರ್ಮಪ್‌ನಲ್ಲಿ ನಾನೂ ಮಾಡಿಸುತ್ತೇನೆ. ಕಲ್ಲುಗುಂಡು ಹಿಂದಕ್ಕೆ ಹಾಕುವುದಂತೂ ನಾನು ಮೇಷ್ಟ್ರಿಗೆ ಹೇಳಿದ ಮೂರನೇ ಅಳತೆಯ ಅಣ್ಣ. ನಿಮ್ಮ ತಾತ ಸರಿಯಾಗಿಯೇ ಮಾಡುತ್ತಿದ್ದರು.

ಆದರೆ 500 ಬಸ್ಕಿ ಬೇಡ. ಅದರಿಂದ ದಮ್ಮು ಬರುತ್ತದೆ. ಕುಸ್ತಿಯಲ್ಲಿ ಮೈ ನಿಮಿಷಗಟ್ಟಲೆ ತಾಳಬೇಕು, ಅಲ್ಲಿಗೆ ಸರಿ. ಗುಂಡಿನಲ್ಲಿ ಒಂದೇ ಸಲ ಸಿಡಿಯಬೇಕು, ಆಮೇಲೆ ಕೂತು ನೀರು ಕುಡಿಯಬಹುದು.

ಕಬ್ಬಿಣದ ಕಡಲೆ, ಹಾಸನ

ಎಲ್ಲರೂ ಸೇರಿ ಬೆಂಚಿಗೆ ಬೈತಿದ್ದೀರಿ. ಅಮೆರಿಕದ ಜೋ ಕೋವಾಕ್ಸ್ ನೋಡಿ. ಅಂಥಾ ಎತ್ತರದ ಆಳೇನಲ್ಲ, ಬಲದ ಮೇಲೇ 23.23 ಎಸೆದ. ಅವನು ಎತ್ತುವ ಭಾರ ನೋಡಿದರೆ ತಲೆ ತಿರುಗುತ್ತೆ.

ಲೆಕ್ಕದವರು, ಅರಸೀಕೆರೆ

ನಿಜ, 2022ರಲ್ಲಿ ಜೂರಿಕ್‌ನಲ್ಲಿ ಎಸೆದರು. ಆದರೆ ಅವರು ಹೆಸರುವಾಸಿ ಆದದ್ದು ಸ್ಕ್ವಾಟ್‌ಗೆ, ಅಂದರೆ ಕಾಲಿಗೆ. ಮೇಲಾಗಿ ಅವರದ್ದು ಸ್ಪಿನ್. ವಿಶ್ವದಾಖಲೆ ಇಟ್ಟಿರುವ ಅಮೆರಿಕದ ರಯಾನ್ ಕ್ರೌಸರ್ ಇನ್ನೊಂದು ಥರದ ಮನುಷ್ಯ. ಎರಡು ಮೀಟರ್ ಎತ್ತರ, ಉದ್ದ ಕೈ. 2023ರಲ್ಲಿ 23.56. ಅದೂ ವೃತ್ತದೊಳಗೆ ಶುರುವಿನ ಹೆಜ್ಜೆಯನ್ನೇ ಹೊಸದಾಗಿ ಮಾಡಿಕೊಂಡ ವರ್ಷ. ಅಷ್ಟು ಹೊತ್ತಿಗೆ ಅವರಿಗೆ ಎರಡು ಒಲಿಂಪಿಕ್ ಚಿನ್ನ ಬಂದಿತ್ತು, ಆದರೂ ಹೆಜ್ಜೆ ಬದಲಿಸಿದರು ನೋಡಿ. 2019ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೋವಾಕ್ಸ್ 22.91, ಕ್ರೌಸರ್ 22.90, ನ್ಯೂಜಿಲೆಂಡಿನ ಟಾಮ್ ವಾಲ್ಶ್ ಕೂಡ 22.90. ಮೂರು ಜನ, ಮೂರು ಥರದ ಮೈಕಟ್ಟು, ನಡುವೆ ಒಂದೇ ಸೆಂಟಿಮೀಟರ್.

ಒಂದು ಸೆಂಟಿಮೀಟರ್ ಅಂದಾಗ ಇನ್ನೊಬ್ಬರು ನೆನಪಾದರು. ಕೆನಡಾದ ಡೈಲನ್ ಆರ್ಮ್‌ಸ್ಟ್ರಾಂಗ್. 2008ರ ಬೀಜಿಂಗ್‌ನಲ್ಲಿ ಒಂದು ಸೆಂಟಿಮೀಟರ್‌ನಲ್ಲಿ ಕಂಚು ತಪ್ಪಿ ನಾಲ್ಕನೇ ಜಾಗ. ಮುಂದಿದ್ದವರು ಉದ್ದೀಪನ ಮದ್ದಿನ ಕೇಸಲ್ಲಿ ಸಿಕ್ಕಿಬಿದ್ದ ಮೇಲೆ, ವರ್ಷಗಳ ನಂತರ ಪದಕ ಇವರ ಕೈಗೆ ಬಂತು. ಇವರ ಕೋಚ್ ಅನಾತೊಲಿ ಬೊಂಡಾರ್ಚುಕ್. 1972ರಲ್ಲಿ ಹ್ಯಾಮರ್ ಎಸೆತದಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಹ್ಯಾಮರ್ ದಾಖಲೆಯ ಯೂರಿ ಸೆಡಿಖ್ ಇವರದ್ದೇ ಶಿಷ್ಯ. ಬೊಂಡಾರ್ಚುಕ್ ವಾದ ಸರಳ: ಎಸೆತಗಾರ ಮೇಲಕ್ಕೆ ಹೋದ ಹಾಗೆ ಸಾಮಾನ್ಯ ಭಾರದ ವ್ಯಾಯಾಮದಿಂದ ಎಸೆತಕ್ಕೆ ಸಿಗುವ ಪಾಲು ಕಡಿಮೆಯಾಗುತ್ತಾ ಬರುತ್ತದೆ. ಭಾರದ್ದು, ಹಗುರದ್ದು ಅಂತ ಬೇರೆ ಬೇರೆ ತೂಕದ ಗುಂಡುಗಳನ್ನೇ ಎಸೆಯುವುದರಿಂದ ಸಿಗುವ ಪಾಲು ದೊಡ್ಡದಾಗುತ್ತದೆ. ಹೈಸ್ಕೂಲ್ ಹುಡುಗನಿಗೆ ಬೆಂಚ್ 60ರಿಂದ 90 ಆದರೆ ಎರಡು ಮೀಟರ್ ಬರಬಹುದು. 17.84ರ ಹುಡುಗನಿಗೆ ಅದೇ ಮಂತ್ರ ಮತ್ತೆ ಕೆಲಸ ಮಾಡಲ್ಲ.

ಫಿಸಿಯೋ, ಸಕಲೇಶಪುರ

ತಡವಾಗಿ ಬಂದೆ, ಇಲ್ಲಿ ಮಳೆ ಶುರುವಾಗಿ ಕರೆಂಟ್ ಇರಲಿಲ್ಲ. ಎರಡು ಮಾತು.

ಮೂರು ದಿನ ಬೆಂಚ್ ಹಾಕಿಸಿ ಬೆನ್ನಿಗೆ ಏನೂ ಕೊಡದೇ ಇದ್ದರೆ ಎದೆ ಬಿಗಿಯಾಗಿ ಭುಜ ಮುಂದಕ್ಕೆ ಬಾಗುತ್ತದೆ. ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ಎರಡೂ ಕೈ ನೇರ ಮೇಲೆತ್ತಿಸಿ. ಸೊಂಟ ಗೋಡೆ ಬಿಡದೆ ಹೆಬ್ಬೆರಳು ಗೋಡೆ ಮುಟ್ಟದಿದ್ದರೆ ಬೆಂಚ್ ಎಷ್ಟು ಸೆಟ್ ಇದೆಯೋ ಅಷ್ಟೇ ಸೆಟ್ ರೋಯಿಂಗ್ (ಭಾರವನ್ನು ಮೈ ಕಡೆಗೆ ಎಳೆಯುವುದು), ಪುಲ್‌ಅಪ್ ಹಾಕಿಸಿ. 116 ಕೆಜಿ ಆಳು ಪುಲ್‌ಅಪ್ ಮಾಡಲಾರ ಅನ್ನಬೇಡಿ, ರಬ್ಬರ್ ಬ್ಯಾಂಡ್ ಕಟ್ಟಿ.

ಎರಡನೆಯದು ಮಣಿಕಟ್ಟು, ಬೆರಳು. ನನ್ನ ಹತ್ತಿರ ಬರುವ ಎಸೆತಗಾರರಲ್ಲಿ ಭುಜಕ್ಕಿಂತ ಇದೇ ಜಾಸ್ತಿ. ಗುಂಡು ಬೆರಳ ಬುಡದಲ್ಲಿ ಕೂರಬೇಕು, ಅಂಗೈಯಲ್ಲಿ ಅಲ್ಲ. ಕೊನೇ ಚಿಮ್ಮುವಿಕೆಯಲ್ಲಿ ಪೂರ್ತಿ ಭಾರ ಮೂರು ಬೆರಳಿನ ಮೇಲೆ. ಬೆರಳ ತುದಿ ಮೇಲೆ ದಂಡ, ಅಕ್ಕಿ ತುಂಬಿದ ಬಕೆಟ್‌ನಲ್ಲಿ ಕೈ ಹಾಕಿ ಬಿಚ್ಚುವುದು ಮುಚ್ಚುವುದು, ಇಷ್ಟು ಸಾಕು. ಮಣಿಕಟ್ಟಿಗೆ ಟೇಪ್ ಸುತ್ತಬಹುದು. ಎರಡು ಬೆರಳು ಸೇರಿಸಿ ಟೇಪ್ ಹಾಕಿದರೆ ಸ್ಪರ್ಧೆಯಲ್ಲಿ ಒಪ್ಪಲ್ಲ, ನೆನಪಿರಲಿ.

ಹಾಗೆಯೇ ಮೇಷ್ಟ್ರೇ, ಕೇಳುತ್ತೇನೆ ಅಂತ ತಪ್ಪು ತಿಳಿಯಬೇಡಿ. ಆರೇಳು ತಿಂಗಳಲ್ಲಿ ಎಂಟು ಕೆಜಿ. ಬರೀ ಮೊಟ್ಟೆ ಕೋಳಿಯಿಂದಲೇ ತಾನೇ?

ಪೀಟಿ ಮೇಷ್ಟ್ರು, ಹಾಸನ

ಕೇಳಿದ್ದು ಒಳ್ಳೆಯದಾಯಿತು. ಮೊಟ್ಟೆ, ಕೋಳಿ, ಹಾಲು, ಮುದ್ದೆ, ಹುರುಳಿ ಸಾರು. ಒಂದು ಸಲ ಜಿಮ್‌ನಲ್ಲಿ ಯಾರೋ ಲೇಬಲ್ಲೇ ಇಲ್ಲದ ಒಂದು ಡಬ್ಬಿ ಪುಡಿ ಕೊಟ್ಟು "ಇದು ತಗೋ, ಹದಿನೈದು ದಿನದಲ್ಲಿ ಗೊತ್ತಾಗುತ್ತೆ" ಅಂದಿದ್ದರಂತೆ. ಹುಡುಗ ನೇರ ನನ್ನ ಹತ್ತಿರ ತಂದ. ಬಚ್ಚಲಲ್ಲಿ ಸುರಿದೆ. ಡಬ್ಬಿಯಲ್ಲಿ ಈಗ ನಮ್ಮನೆಯಲ್ಲಿ ಸಾಸಿವೆ ಇದೆ.

ಫಿಸಿಯೋ, ಸಕಲೇಶಪುರ

ಸಮಾಧಾನ ಆಯಿತು. ನಾಡಾದವರು (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆ ಮಾಡಿದಾಗ "ನನಗೆ ಗೊತ್ತಿರಲಿಲ್ಲ" ಅಂದರೆ ಕೇಳಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಪ್ರೋಟೀನ್ ಕಿಲೋ ಮೈತೂಕಕ್ಕೆ 1.6ರಿಂದ 2 ಗ್ರಾಂ ಸಿಕ್ಕರೆ ಧಾರಾಳ. ಅವನಿಗೆ ದಿನಕ್ಕೆ 200 ಗ್ರಾಂ ಆಸುಪಾಸು. ಮುದ್ದೆ ಹಾಗೇ ಇರಲಿ. ಆದರೆ ರಾತ್ರಿ ಮೂರನೇ ಮುದ್ದೆ ಬೇಡ.

ಕಾಫಿ ಕಣ, ಚಿಕ್ಕಮಗಳೂರು (ಜೂನ್ 1)

ನಿನ್ನೆ ರಾತ್ರಿ ಕೂತು ಬರೆದೆ. ನನ್ನ ಮಕ್ಕಳಿಗೆ ಮಾಡಿಸುವುದನ್ನು ನಿಮ್ಮ ಹುಡುಗನ ಮಟ್ಟಕ್ಕೆ ಹಿಗ್ಗಿಸಿದ್ದೇನೆ. ಬೇಕಾದ್ದು ತಗೊಳ್ಳಿ, ಬೇಡದ್ದು ಬಿಡಿ.

ಮೊದಲ ಬದಲಾವಣೆ ಪುಕ್ಕಟೆ. ಗುಂಡು ಮೊದಲು, ಕಬ್ಬಿಣ ಆಮೇಲೆ. ಯಾವ ದಿನವೂ ಇದು ತಿರುಗುಮುರುಗು ಆಗಬಾರದು. ವಾರಕ್ಕೆ ನಾಲ್ಕು ದಿನ ಎಸೆತ, ದಿನಕ್ಕೆ 25-28 ಸಾಕು. ಮೂರು ತೂಕದ ಗುಂಡು ಬೇಕು: 8 ಕೆಜಿ, 7.26, 6 ಕೆಜಿ. ಎಂಟು ಕೆಜಿಯಲ್ಲಿ ಏಳೆಂಟು, ಹೆಚ್ಚಾಗಿ ನಿಂತೇ. ಆಮೇಲೆ 7.26ರಲ್ಲಿ ಹತ್ತು ಹನ್ನೆರಡು ಗ್ಲೈಡ್. ಕೊನೆಗೆ 6 ಕೆಜಿಯಲ್ಲಿ ಏಳೆಂಟು, ಜೀವ ಬಿಟ್ಟು ಜೋರಾಗಿ. ಹಗುರದ್ದು ಕೊನೆಯಲ್ಲಿ ಇಡುವುದು ಕಾಲಿಗೆ ವೇಗ ನೆನಪಿರಲಿ ಅಂತ. ಎಂಟಕ್ಕಿಂತ ಭಾರದ್ದು ಬೇಡವೇ ಬೇಡ. ಗುಂಡು ತೀರಾ ಭಾರ ಆದರೆ ಎಸೆಯುವ ರೀತಿಯೇ ಬದಲಾಗುತ್ತದೆ, ಮೈ ಬೇರೆ ಯಾವುದೋ ಆಟ ಕಲಿಯುತ್ತದೆ.

ಜಿಮ್ ವಾರಕ್ಕೆ ಮೂರು ದಿನ. ಕ್ಲೀನ್ ಈಗ ಮನೆ ಯಜಮಾನ, ಬೆಂಚ್ ನೆಂಟ. ಪವರ್ ಕ್ಲೀನ್ ಎರಡು ದಿನ, ಐದಾರು ಸೆಟ್, ಸೆಟ್‌ಗೆ ಎರಡೋ ಮೂರೋ ಅಷ್ಟೇ, ಅವನ ಗರಿಷ್ಠದ 75ರಿಂದ 85 ಶೇಕಡಾ. ಬಾರ್ ನಿಧಾನ ಆಯಿತು ಅಂತ ಕಣ್ಣಿಗೆ ಕಂಡ ತಕ್ಷಣ ನಿಲ್ಲಿಸಿ. "ಇನ್ನೊಂದು ಎತ್ತು" ಅಂತ ಹುರಿದುಂಬಿಸುವ ಅಭ್ಯಾಸ ನಿಮಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳಿ. ಸೆಟ್ ನಡುವೆ ಮೂರು ನಾಲ್ಕು ನಿಮಿಷ ಬಿಡುವು. ಬೆವರು ಬರದಿದ್ದರೆ ಕೆಲಸ ಆಗಿಲ್ಲ ಅಂತ ಜಿಮ್‌ನವರು ನಗುತ್ತಾರೆ, ನಗಲಿ.

ಸ್ಕ್ವಾಟ್ ಒಂದು ದಿನ ಭಾರ, ಮೂರು ಮೂರು ಸಲ. ಇನ್ನೊಂದು ದಿನ ಅರ್ಧ ಭಾರದಲ್ಲಿ ಕೆಳಗೆ ಹೋಗಿ ಸಿಡಿದು ಮೇಲೆ ಬರುವುದು. ಬೆಂಚ್ ವಾರಕ್ಕೆ ಒಂದೇ ದಿನ, 80 ಶೇಕಡಾ, ಮೂರು ಸಲದ ನಾಲ್ಕು ಸೆಟ್. ಇನ್ನೊಂದು ದಿನ ತಲೆ ಕಡೆ ಎತ್ತರ ಇರುವ ಇಳಿಜಾರು ಬೆಂಚಲ್ಲಿ 60 ಶೇಕಡಾ, ವೇಗವಾಗಿ. ಗುಂಡು ಹೋಗುವ ದಿಕ್ಕಿಗೆ ಇದೇ ಹತ್ತಿರ. ಪುಷ್ ಪ್ರೆಸ್ (ಮಂಡಿ ಸ್ವಲ್ಪ ಬಗ್ಗಿಸಿ ಭಾರವನ್ನು ಭುಜದಿಂದ ತಲೆ ಮೇಲಕ್ಕೆ ತಳ್ಳುವುದು) ಹಾಕಿ, ಕಾಲಿಂದ ಶುರುವಾಗಿ ಕೈಯಲ್ಲಿ ಮುಗಿಯುವುದನ್ನು ಅದು ಕಲಿಸುತ್ತದೆ. ಎಡಗಾಲಿಗೆ ಪ್ರತ್ಯೇಕವಾಗಿ ಸ್ಟೆಪ್‌ಅಪ್, ಅಂದರೆ ಎತ್ತರದ ಮಣೆ ಹತ್ತಿ ಇಳಿಯುವುದು. ಬಾರ್‌ನ ಒಂದು ತುದಿ ಗೋಡೆ ಮೂಲೆಗೆ ಒತ್ತಿಟ್ಟು, ಇನ್ನೊಂದು ತುದಿ ಎರಡೂ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸುವುದು ಸೊಂಟಕ್ಕೆ.

ಜಿಗಿತ ವಾರಕ್ಕೆ ಎರಡು ದಿನ, ಒಟ್ಟು 30-40 ಸಲ ಕಾಲು ನೆಲಕ್ಕೆ ಬಿದ್ದರೆ ಸಾಕು. ಅವನು 116 ಕೆಜಿ, ಮಂಡಿ ಕೇಳುತ್ತದೆ. ಮೆತ್ತನೆ ನೆಲದಲ್ಲಿ ಮಾಡಿಸಿ. ಮೂರು ವಾರ ಹೀಗೆ, ನಾಲ್ಕನೇ ವಾರ ಎಲ್ಲ ಅರ್ಧ.

ಶನಿವಾರ ಆ ನಾಲ್ಕು ಅಳತೆ ತಪ್ಪಿಸಬೇಡಿ. ಬೆಂಚ್ ಏರಿ ಜಿಗಿತ ಇಳಿದರೆ ಆ ವಾರ ನೀವು ಸೋತಿರಿ ಅಂತಲೇ ಲೆಕ್ಕ.

ಗರಡಿ ಹುಡುಗ, ಚನ್ನರಾಯಪಟ್ಟಣ

ಅಕ್ಕಾ, ಸ್ಪಿನ್‌ಗೆ ಬದಲಾಯಿಸಿದರೆ ಹೇಗೆ? ಈಗ ಎಲ್ಲ ದೊಡ್ಡವರೂ ಅದೇ ಮಾಡ್ತಾರಲ್ಲ.

ಕಾಫಿ ಕಣ, ಚಿಕ್ಕಮಗಳೂರು

21ನೇ ವಯಸ್ಸಲ್ಲಿ ಬದಲಾಯಿಸಬಹುದು, ಆದರೆ ಒಂದೆರಡು ವರ್ಷ ಕೈ ಬಿಟ್ಟ ಹಾಗೇ. ತೂರ್ ಗ್ಲೈಡಿನಲ್ಲೇ ಎರಡು ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, 2018ರ ಜಕಾರ್ತಾ, ಆಮೇಲೆ ಹಾಂಗ್‌ಝೌ. ಪೂರ್ವ ಜರ್ಮನಿಯ ಉಲ್ಫ್ ಟಿಮ್ಮರ್‌ಮನ್ 1988ರಲ್ಲೇ ಗ್ಲೈಡ್ ಮಾಡಿ 23.06 ಎಸೆದಿದ್ದಾರೆ. 18 ಮೀಟರ್‌ಗೆ ಗ್ಲೈಡ್ ಅಡ್ಡಿ ಬರಲ್ಲ ತಮ್ಮಾ.

ಪೀಟಿ ಮೇಷ್ಟ್ರು, ಹಾಸನ (ಜೂನ್ 4)

ಮೇಡಂ, ಪ್ರಿಂಟ್ ತೆಗೆದು ಬೀರು ಬಾಗಿಲಿಗೆ ಅಂಟಿಸಿದೆ. 6 ಕೆಜಿ ಜೂನಿಯರ್ ಗುಂಡು ನಮ್ಮಲ್ಲಿದೆ. 8 ಕೆಜಿ ಎಲ್ಲೂ ಸಿಗಲಿಲ್ಲ. ಲೇತ್ ಅಂಗಡಿಯವರನ್ನು ಕೇಳಿದೆ. "ದೇವಸ್ಥಾನಕ್ಕಾ ಸಾರ್?" ಅಂದರು. ಹಳೇ ಗುಂಡಿಗೆ ತೂತು ಹಾಕಿ ಸೀಸ ತುಂಬಿಕೊಡುತ್ತಾರಂತೆ. ನಡೆಯುತ್ತಾ?

ಲೆಕ್ಕದವರು, ಅರಸೀಕೆರೆ

ನಡೆಯುತ್ತೆ. ಸೀಸ ಕಬ್ಬಿಣಕ್ಕಿಂತ ಒಂದೂವರೆ ಪಟ್ಟು ತೂಕ ಅಂತ ತಿಳಿಯಿರಿ. ತೂತು ಸರಿಯಾಗಿ ನಡುವಿಗೆ ಬರಲಿ, ಇಲ್ಲದಿದ್ದರೆ ಗುಂಡು ಕೈಯಲ್ಲಿ ಒಂದು ಕಡೆ ಎಳೆಯುತ್ತದೆ. ಆದರೆ 740 ಗ್ರಾಂ ಜಾಸ್ತಿ ಬರಬೇಕಾದರೆ ದೊಡ್ಡ ತೂತೇ ಬೇಕು, ಸುಮಾರು 200 ಘನ ಸೆಂಟಿಮೀಟರ್. ಅದಕ್ಕಿಂತ 12.5 ಸೆಂಟಿಮೀಟರ್ ವ್ಯಾಸದ ಗಟ್ಟಿ ಕಬ್ಬಿಣದ ಉಂಡೆ ಕಡೆಸಿಬಿಡಿ, ಸರಿಯಾಗಿ 8 ಕೆಜಿ ಬರುತ್ತದೆ.

ಪೀಟಿ ಮೇಷ್ಟ್ರು, ಹಾಸನ (ಆಗಸ್ಟ್ 9)

ಎರಡು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ಅಳತೆ ಬಿಟ್ಟು ಬೇರೇನು ಬರೆದರೂ ಮೇಡಂ ಬೈಯುತ್ತಾರೆ ಅಂತ ಕಾದೆ.

ಮೊದಲ ಮೂರು ವಾರ ನರಕ. ಹುಡುಗನಿಗೆ ಸುಸ್ತೇ ಆಗುತ್ತಿರಲಿಲ್ಲ, ಅದೇ ಅವನಿಗೆ ಸಂಕಟ. "ಸಾರ್, ಇಷ್ಟೇನಾ?" ಅಂತ ದಿನಾ ಕೇಳುತ್ತಿದ್ದ. ಜಿಮ್‌ನಲ್ಲಿ ಗೆಳೆಯರು "ಏನೋ, ಸಣ್ಣ ಆಗ್ತಿದ್ದೀಯ" ಅಂತ ಕಾಡಿದರು. ಒಂದು ದಿನ ನನಗೆ ಹೇಳದೇ ಬೆಂಚ್ ಪರೀಕ್ಷೆ ಮಾಡಿಕೊಂಡಿದ್ದಾನೆ, 145 ಬಂತಂತೆ. ಮುಖ ಬಾಡಿಸಿಕೊಂಡು ಬಂದ. ಆ ಶನಿವಾರವೇ ಜಿಗಿತ 2.88 ಆಗಿತ್ತು. ಅದನ್ನು ತೋರಿಸಿದರೂ ನಂಬಲಿಲ್ಲ.

ಜುಲೈನಲ್ಲಿ ಮಳೆ ಬಿಡಲೇ ಇಲ್ಲ. ವೃತ್ತದ ಸಿಮೆಂಟ್ ಒದ್ದೆಯಾದರೆ ಬಲಗಾಲು ಜಾರುತ್ತದೆ. ಒಂದು ಗೋಣಿಚೀಲ, ಒಂದು ಹಳೇ ಪಂಚೆ ಇಟ್ಟುಕೊಂಡು ಪ್ರತಿ ಎಸೆತಕ್ಕೂ ಮೊದಲು ಒರೆಸುತ್ತಿದ್ದೆವು. ಅವನು ಗುಂಡು ಒರೆಸುತ್ತಿದ್ದ, ನಾನು ನೆಲ. ಎಂಟು ಎಸೆತ ಆಗುವಷ್ಟರಲ್ಲಿ ಪಂಚೆ ಹಿಂಡಬೇಕು. 8 ಕೆಜಿ ಗುಂಡು ಲೇತ್‌ನಿಂದ ಬಂದಾಗ 8 ಕೆಜಿ 40 ಗ್ರಾಂ ಇತ್ತು, ಕಿರಾಣಿ ಅಂಗಡಿ ತಕ್ಕಡಿಯಲ್ಲಿ. ಇರಲಿ ಅಂತ ಬಿಟ್ಟೆ.

ನಿನ್ನೆ ಸಂಜೆ ಒಂದು ಗಂಟೆ ಬಿಸಿಲು ಬಂತು. ಮೈತೂಕ 111. ಕ್ಲೀನ್ 110ರಲ್ಲಿ ನಿಂತಿದ್ದದ್ದು 122. ನಿಂತ ಎಸೆತ 16.42, ಹಿಂದಕ್ಕೆ 18.05, ಜಿಗಿತ 2.94. ಗ್ಲೈಡ್ ಮಾಡಿ ನಾಲ್ಕನೇ ಎಸೆತಕ್ಕೆ 17.98. ಅಭ್ಯಾಸದ್ದು, ಸ್ಪರ್ಧೆಯದ್ದಲ್ಲ. ಚಿತ್ರ ಎಣಿಸಿದೆ, 27.

ಕಬ್ಬಿಣದ ಕಡಲೆ, ಹಾಸನ

ಸಾರ್ ಸೂಪರ್! ಆದ್ರೂ 145 ಅಂದ್ರೆ ಬೇಜಾರು 😀

ಫಿಸಿಯೋ, ಸಕಲೇಶಪುರ

ಕೈ ಗೋಡೆ ಮುಟ್ಟುತ್ತಾ ಈಗ?

ಪೀಟಿ ಮೇಷ್ಟ್ರು, ಹಾಸನ

ಬಲಗೈ ಮುಟ್ಟುತ್ತೆ. ಎಡಗೈ ಇನ್ನೂ ಒಂದು ಬೆರಳು ದೂರ.

ಕಾಫಿ ಕಣ, ಚಿಕ್ಕಮಗಳೂರು

ಮೇಷ್ಟ್ರೇ, ಟೇಪ್ ಎಲ್ಲಿಂದ ಹಿಡಿದಿರಿ? ಸ್ಟಾಪ್ ಬೋರ್ಡ್ ಒಳಂಚಿಂದ ತಾನೇ? ಖುಷಿಯಲ್ಲಿ ಹೊರಗಿನಿಂದ ಹಿಡಿದಿರಬೇಡಿ ಮತ್ತೆ.

ಪೀಟಿ ಮೇಷ್ಟ್ರು, ಹಾಸನ

ಒಳಂಚಿಂದಲೇ ಮೇಡಂ. ವೃತ್ತದ ನಡು ದಾಟಿಸಿ ಸರಿಯಾಗಿ ಎಳೆದೆ. ಆದರೂ ನನಗೇ ಅನುಮಾನ ಬಂದು ಇವತ್ತು ಬೆಳಗ್ಗೆ ಆರು ಗಂಟೆಗೆ ಒಬ್ಬನೇ ಹೋಗಿ ಮತ್ತೆ ಅಳೆದೆ. ಗುಂಡು ಬಿದ್ದ ಗುಂಡಿ ಹಾಗೇ ಇತ್ತು, ರಾತ್ರಿ ಮಳೆಗೆ ನೀರು ನಿಂತಿತ್ತು. ಟೇಪಿನ ತುದಿಗೆ ಮೊಳೆ ಚುಚ್ಚಿ ನಾನು ಈ ಕಡೆ ಬಂದು ಓದಿದೆ. 17.98.